ದೊಡ್ಡ ರೈಲ್ವೆ ಬಿಟ್ಟುಹೋದ ಹಳಿ: ಪಲೂಸ್ ಗೋಧಿನಾಡಿನ ಶಾರ್ಟ್ ಲೈನ್‌ಗಳು

ಬ್ರಾಂಚ್ ಲೈನ್ ಅಂದ ಕೂಡಲೇ ನಮಗೆ ನೆನಪಾಗುವುದು ಪ್ರಯಾಣಿಕರ ಗಾಡಿ. ತಾಳಗುಪ್ಪದ ರೈಲಿನಲ್ಲಿ ಓಡಾಡಿದವರು ಈ ಸಭೆಯಲ್ಲೇ ಇದ್ದೀರಿ. ಆದರೆ ಇವತ್ತು ನಾನು ಹೇಳುವುದು ಶಾರ್ಟ್ ಲೈನ್‌ಗಳ ಕಥೆ, ಅಂದರೆ ದೊಡ್ಡ ರೈಲ್ವೆ ಬಿಟ್ಟ ಶಾಖಾ ಮಾರ್ಗಗಳನ್ನು ಓಡಿಸುವ ಚಿಕ್ಕ ಕಂಪನಿಗಳದ್ದು. ಆ ಹಳಿಗಳಲ್ಲಿ ಟಿಕೆಟ್ ಇಲ್ಲ, ಪ್ಲಾಟ್‌ಫಾರ್ಮ್ ಇಲ್ಲ, ವೇಳಾಪಟ್ಟಿಯೂ ಇಲ್ಲ. ಅಲ್ಲಿ ಓಡುವುದು ಗೋಧಿ. ಆದ್ದರಿಂದ ಮೊದಲು ಪ್ರಯಾಣಿಕರನ್ನು ಮನಸ್ಸಿನಿಂದ ಇಳಿಸಿಬಿಡಿ. ಆಮೇಲೆ ಇದರ ಲೆಕ್ಕ ಅರ್ಥವಾಗುವುದು ಸುಲಭ.

ಜಾಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗ. ಪಲೂಸ್ ಅಂತ ಕರೆಯುತ್ತಾರೆ. ಗಾಳಿ ತಂದು ಸುರಿದ ಮಣ್ಣಿನ ದುಂಡನೆಯ ಗುಡ್ಡಗಳು, ಗುಡ್ಡದ ನೆತ್ತಿಯವರೆಗೂ ಗೋಧಿ. ಹೆಚ್ಚಿನ ಕಡೆ ನೀರಾವರಿಯೂ ಇಲ್ಲ, ಮಳೆ ಮತ್ತು ಹಿಮದ ತೇವದಲ್ಲೇ ಬೆಳೆ. ವಿಟ್ಮನ್ ಕೌಂಟಿ ಇಡೀ ಅಮೆರಿಕದಲ್ಲಿ ಗೋಧಿಗೆ ಹೆಸರಾದ ಜಿಲ್ಲೆ. ಇಲ್ಲಿ ಮುಖ್ಯವಾಗಿ ಬೆಳೆಯುವುದು ಮೃದು ಬಿಳಿ ಗೋಧಿ. ಬಹುಪಾಲು ಕೊಲಂಬಿಯಾ ನದಿಯ ಬಂದರುಗಳಿಗೆ ಹೋಗಿ, ಅಲ್ಲಿಂದ ಜಪಾನ್, ಫಿಲಿಪ್ಪೀನ್ಸ್, ಕೊರಿಯಾಗಳಿಗೆ ಹಡಗು ಹತ್ತುತ್ತದೆ. ಕೇಕು, ಬಿಸ್ಕತ್ತು, ನೂಡಲ್ಸ್‌ಗೆ ಬೇಕಾದ ಗೋಧಿ ಅದು.

ನಮಗೂ ಈ ಗುಡ್ಡಗಳಿಗೂ ಸಣ್ಣ ನಂಟಿದೆ. ಗೋಧಿ ಜೊತೆಗೆ ಸರದಿಯಲ್ಲಿ ಅವರು ಮಸೂರ್, ಬಟಾಣಿ, ಕಾಬೂಲಿ ಕಡಲೆ ಬೆಳೆಯುತ್ತಾರೆ. 2019ರಲ್ಲಿ ಭಾರತ ಅಮೆರಿಕದ ಮಸೂರ್ ಮತ್ತು ಕಡಲೆಯ ಮೇಲೆ ಹೆಚ್ಚುವರಿ ಸುಂಕ ಹಾಕಿದಾಗ ಅದರ ಬಿಸಿ ಈ ರೈತರಿಗೂ ತಟ್ಟಿತು. 2023ರಲ್ಲಿ ಆ ಹೆಚ್ಚುವರಿ ಸುಂಕ ತೆಗೆದರು. ಇರಲಿ, ನಾವು ಹಳಿಗೆ ಬರೋಣ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿ ರೈಲ್ವೆ ಕಂಪನಿಗಳು ಪೈಪೋಟಿ ಮೇಲೆ ಹಳಿ ಹಾಕಿದವು. ನಾರ್ದರ್ನ್ ಪೆಸಿಫಿಕ್ ಒಂದು ಕಡೆಯಿಂದ, ಯೂನಿಯನ್ ಪೆಸಿಫಿಕ್ ಗುಂಪು ಇನ್ನೊಂದು ಕಡೆಯಿಂದ. ಆಗ ರೈತ ಗೋಧಿ ಮೂಟೆಗಳನ್ನು ಕುದುರೆ ಗಾಡಿಯಲ್ಲಿ ತರಬೇಕಿತ್ತು. ಕುದುರೆ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಹಳಿ ಇರಲೇಬೇಕಿತ್ತು. ಹಾಗಾಗಿ ಕೆಲವೇ ಮೈಲಿಗೊಂದು ಸೈಡಿಂಗ್ (ವ್ಯಾಗನ್ ನಿಲ್ಲಿಸಿ ತುಂಬುವ ಪಕ್ಕದ ಹಳಿ), ಒಂದು ಧಾನ್ಯದ ಉಗ್ರಾಣ, ಅದರ ಸುತ್ತ ಒಂದು ಊರು ಹುಟ್ಟಿತು. ಲಾರಿ ಬಂದ ಮೇಲೆ ಇಷ್ಟೊಂದು ಹಳಿ ಬೇಕಾಗಿರಲಿಲ್ಲ. ಆದರೂ ಹಳಿ ಉಳಿದವು. ಯಾಕೆಂದರೆ ಆ ಕಾಲದಲ್ಲಿ ಮಾರ್ಗ ಮುಚ್ಚಲು ರೈಲ್ವೆಗಳನ್ನು ನಿಯಂತ್ರಿಸುತ್ತಿದ್ದ ಕೇಂದ್ರ ಸಂಸ್ಥೆಯಾದ ಅಂತರರಾಜ್ಯ ವಾಣಿಜ್ಯ ಆಯೋಗದ ಒಪ್ಪಿಗೆ ಬೇಕು, ಆ ಒಪ್ಪಿಗೆಗೆ ವರ್ಷಗಟ್ಟಲೆ ಕಾಯಬೇಕು.

ಮುಚ್ಚಲು ಬಿಡದಿದ್ದರೆ ಕಂಪನಿ ಏನು ಮಾಡುತ್ತದೆ? ಖರ್ಚು ಮಾಡುವುದನ್ನು ನಿಲ್ಲಿಸುತ್ತದೆ. ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡಲಾಗಿ ಇಡುವ ಮರದ ದಿಮ್ಮಿ, ಕೊಳೆತರೆ ಕೊಳೆಯಲಿ, ಚರಂಡಿ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ. ವೇಗ ಇಳಿಯುತ್ತದೆ. ಗಾಡಿ ತಡವಾಗುತ್ತದೆ. ಬೇಸತ್ತ ಗಿರಾಕಿ ಲಾರಿಗೆ ಹೋಗುತ್ತಾನೆ. ಆಮೇಲೆ ಕಂಪನಿ, ನೋಡಿ, ಇಲ್ಲಿ ಸಾಗಣೆಯೇ ಇಲ್ಲ ಅನ್ನುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಶಾರ್ಟ್ ಲೈನ್ ಕಂಪನಿ ಹಳಿ ಕೊಳ್ಳುವಾಗ ಈ ಕೊಳೆತ ವರ್ಷಗಳನ್ನೂ ಸೇರಿಸಿಯೇ ಕೊಳ್ಳುತ್ತದೆ.

1970ರ ದಶಕದಲ್ಲಿ ಇಡೀ ವ್ಯವಸ್ಥೆ ಕುಸಿಯಿತು. 1970ರಲ್ಲಿ ಪೆನ್ ಸೆಂಟ್ರಲ್ ರೈಲ್ವೆ ದಿವಾಳಿ. 1980ರಲ್ಲಿ ರಾಕ್ ಐಲೆಂಡ್ ರೈಲ್ವೆ ಪೂರ್ತಿ ಬಂದ್. ಅದೇ ವರ್ಷ ಮಿಲ್ವಾಕಿ ರೋಡ್ ಕಂಪನಿ ಪೆಸಿಫಿಕ್ ಕರಾವಳಿಗೆ ಹೋಗುತ್ತಿದ್ದ ತನ್ನ ಮುಖ್ಯ ಮಾರ್ಗವನ್ನೇ ಕೈಬಿಟ್ಟಿತು. ಆ ಮಾರ್ಗ ಈ ಪಲೂಸ್ ಮೂಲಕವೇ ಹಾದು ಹೋಗುತ್ತಿತ್ತು. ರೊಸಾಲಿಯಾ ಊರಿನಲ್ಲಿ ಅದರ ಕಾಂಕ್ರೀಟ್ ಕಮಾನಿನ ಸೇತುವೆ ಈಗಲೂ ನಿಂತಿದೆ. ಸಮುದ್ರದಿಂದ ಅಮೆರಿಕದ ನಡುಭಾಗದವರೆಗೆ ಓಡುತ್ತಿದ್ದ ಹಳಿ ಇಲ್ಲಿ ಇವತ್ತು ನಡಿಗೆ ಮತ್ತು ಸೈಕಲ್ ದಾರಿ. ಅದನ್ನು ಅಡ್ಡ ಹಾಯುವ ಪುಟ್ಟ ಗೋಧಿ ಮಾರ್ಗ ಮಾತ್ರ ಇನ್ನೂ ರೈಲು ಮಾರ್ಗ. ಯಾವ ಹಳಿ ಬದುಕುತ್ತದೆ ಅನ್ನುವುದನ್ನು ಅದರ ಹಿರಿಮೆ ತೀರ್ಮಾನಿಸುವುದಿಲ್ಲ. ಅದನ್ನು ಇಟ್ಟುಕೊಳ್ಳಲು ಯಾರಾದರೂ ಮುಂದೆ ಬಂದರಾ ಅನ್ನುವುದೇ ಮುಖ್ಯ.

1980ರಲ್ಲಿ ಸ್ಟ್ಯಾಗರ್ಸ್ ಕಾಯ್ದೆ ಬಂತು. ದೊಡ್ಡ ರೈಲ್ವೆಗಳಿಗೆ ದರ ನಿಗದಿಯಲ್ಲಿ ಸ್ವಾತಂತ್ರ್ಯ ಸಿಕ್ಕಿತು, ಮಾರ್ಗ ಮುಚ್ಚುವುದು ಸುಲಭವಾಯಿತು, ಮಾರುವುದೂ ಸುಲಭವಾಯಿತು. ಅಲ್ಲಿಂದ ಶಾರ್ಟ್ ಲೈನ್‌ಗಳು ಒಂದರ ಮೇಲೊಂದು ಹುಟ್ಟಿಕೊಂಡವು. ಈಗ ಅಮೆರಿಕದಲ್ಲಿ ಸುಮಾರು 600 ಶಾರ್ಟ್ ಲೈನ್ ಕಂಪನಿಗಳಿವೆ. ಸರಕು ಜಾಲದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗದ ಉದ್ದ ಅವರ ಕೈಯಲ್ಲಿದೆ.

ಮಾರಾಟ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ರೈಲ್ವೆಗೆ ಎರಡು ದಾರಿ. ಒಂದು, ಹಳಿ ಕಿತ್ತು ಗುಜರಿಗೆ ಹಾಕುವುದು. ಇನ್ನೊಂದು, ಓಡಿಸುವವರಿಗೆ ಮಾರುವುದು. ಹಾಗಾಗಿ ಬೆಲೆಯ ಮಾತು ಶುರುವಾಗುವುದೇ ಗುಜರಿ ಲೆಕ್ಕದಿಂದ. ಉಕ್ಕಿಗೆ ಎಷ್ಟು, ಇನ್ನೂ ಬಳಸಬಹುದಾದ ಸ್ಲೀಪರ್‌ಗೆ ಎಷ್ಟು, ನೆಲಕ್ಕೆ ಎಷ್ಟು, ಕೀಳುವ ಕೂಲಿ ಎಷ್ಟು ಕಳೆಯಬೇಕು. ಮುಚ್ಚುತ್ತೇವೆ ಅಂತ ಕಂಪನಿ ಅರ್ಜಿ ಹಾಕಿದ ಮೇಲೂ, ನಾವು ಕೊಳ್ಳುತ್ತೇವೆ ಅಂತ ಮುಂದೆ ಬರುವ ಹಕ್ಕು ಊರಿನವರಿಗೆ, ಕೌಂಟಿಗೆ, ರಾಜ್ಯಕ್ಕೆ ಇದೆ. ಬೆಲೆ ಕುದುರದಿದ್ದರೆ ಈಗ ಆ ಆಯೋಗದ ಜಾಗದಲ್ಲಿರುವ ನಿಯಂತ್ರಣ ಮಂಡಳಿಯೇ ನಿಗದಿ ಮಾಡುತ್ತದೆ. ಇದು ಒಳ್ಳೆಯ ಕಾನೂನು. ಹಳಿ ಒಮ್ಮೆ ಕಿತ್ತರೆ ಜಾಗ ತುಂಡು ತುಂಡಾಗಿ ಪಕ್ಕದ ಹೊಲಗಳಿಗೆ ಸೇರಿಹೋಗಬಹುದು. ಆಮೇಲೆ ಆ ಪಟ್ಟಿಯನ್ನು ಮತ್ತೆ ಜೋಡಿಸುವುದು ಯಾರಿಂದಲೂ ಆಗುವುದಿಲ್ಲ. 1983ರಲ್ಲಿ ತಂದ ತಿದ್ದುಪಡಿಯಿಂದ ಇನ್ನೊಂದು ದಾರಿ ತೆರೆಯಿತು. ಹಳಿ ಕಿತ್ತರೂ ಜಾಗವನ್ನು ಕಾಲುದಾರಿಯಾಗಿ ಇಟ್ಟುಕೊಂಡು ಮುಂದೆ ರೈಲು ಬೇಕಾದರೆ ವಾಪಸ್ ಪಡೆಯಬಹುದು.

ದೊಡ್ಡವರಿಗೆ ನಷ್ಟವಾದ ಮಾರ್ಗ ಚಿಕ್ಕವರಿಗೆ ಹೇಗೆ ಗಿಟ್ಟುತ್ತದೆ? ನೀವೆಲ್ಲ ಇದನ್ನೇ ಕೇಳುತ್ತೀರಿ ಅಂತ ಗೊತ್ತು. ದೊಡ್ಡ ರೈಲ್ವೆಯಲ್ಲಿ ಕೆಲಸ ಹಂಚಿಹೋಗಿದೆ. ಇಂಜಿನ್ ಓಡಿಸುವವರು ಬೇರೆ, ಹಳಿ ನೋಡುವವರು ಬೇರೆ, ಸಿಗ್ನಲ್‌ನವರು ಬೇರೆ. ಶಾರ್ಟ್ ಲೈನ್‌ನಲ್ಲಿ ಬೆಳಿಗ್ಗೆ ಗಾಡಿ ಓಡಿಸಿದವನೇ ಮಧ್ಯಾಹ್ನ ಕಳೆ ಸವರುತ್ತಾನೆ. ಇಂಜಿನ್‌ಗಳು ಹಳೆಯವು, ಸೆಕೆಂಡ್‌ಹ್ಯಾಂಡ್. ಮ್ಯಾನೇಜರ್ ಅದೇ ಊರಿನ ಅಂಗಡಿಯಲ್ಲಿ ಕಾಫಿ ಕುಡಿಯುವವನು. ಸುಗ್ಗಿ ಬಂದಾಗ ಉಗ್ರಾಣದವರು ಫೋನ್ ಮಾಡಿದರೆ ಶನಿವಾರವೂ ವ್ಯಾಗನ್ ಬರುತ್ತದೆ.

ಇದರಲ್ಲಿ ಕಾರ್ಮಿಕರು ತೆತ್ತ ಬೆಲೆಯನ್ನು ಮುಚ್ಚಿಡಬಾರದು. ಮಾರಾಟವಾದ ಮಾರ್ಗದ ನೌಕರರಿಗೆ ಹಿಂದೆ ಕೆಲವು ವರ್ಷ ಸಂಬಳದ ರಕ್ಷಣೆ ಇರುತ್ತಿತ್ತು. 1985ರಲ್ಲಿ ಆಯೋಗ ಹೊಸ ಕಂಪನಿಗಳು ಕೊಳ್ಳುವ ಮಾರ್ಗಗಳಿಗೆ ಸಾಮಾನ್ಯವಾಗಿ ಅದರಿಂದ ವಿನಾಯಿತಿ ಕೊಟ್ಟಿತು. ಯೂನಿಯನ್‌ಗಳು ಕೋರ್ಟಿಗೆ ಹೋದವು. 1989ರಲ್ಲಿ ಪಿಟ್ಸ್‌ಬರ್ಗ್ ಅಂಡ್ ಲೇಕ್ ಎರಿ ರೈಲ್ವೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಖ್ಯವಾಗಿ ಕಂಪನಿಯ ಪರ ತೀರ್ಪು ಕೊಟ್ಟಿತು. ಮಾರಬೇಕೋ ಬೇಡವೋ ಅನ್ನುವುದನ್ನು ಯೂನಿಯನ್ ಜೊತೆ ಚೌಕಾಸಿ ಮಾಡಿಯೇ ತೀರ್ಮಾನಿಸಬೇಕಿಲ್ಲ ಎಂದಿತು. ಬ್ರಾಂಚ್ ಲೈನ್‌ಗಳು ಉಳಿದ ಕಥೆಯನ್ನು ಸಂತೋಷದಿಂದ ಹೇಳುವ ನಾವು, ಆ ಉಳಿತಾಯದ ಒಂದು ಪಾಲು ಗ್ಯಾಂಗ್‌ಮನ್ ಮನೆಯಿಂದ ಬಂದದ್ದು ಅಂತಲೂ ಹೇಳಬೇಕು.

ಪಲೂಸ್‌ಗೆ ವಾಪಸ್ ಬರುತ್ತೇನೆ. 1990ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ನಾರ್ದರ್ನ್ ಪೆಸಿಫಿಕ್ ಜಾಗಕ್ಕೆ ಬಂದ ಬಿಎನ್‌ಎಸ್‌ಎಫ್ ಎರಡೂ ಇಲ್ಲಿನ ತಮ್ಮ ಶಾಖೆಗಳನ್ನು ಬಿಟ್ಟುಕೊಟ್ಟವು. ಕೊಂಡದ್ದು ಕಾನ್ಸಾಸ್ ಮೂಲದ ವಾಟ್ಕೊ ಕಂಪನಿ. ಹೊಸ ರೈಲ್ವೆಗೆ ಪಲೂಸ್ ರಿವರ್ ಅಂಡ್ ಕೂಲಿ ಸಿಟಿ ಅಂತ ಹೆಸರಿಟ್ಟರು. ಅದರ ಒಂದು ಶಾಖೆ ಚೇನಿ ಊರಿನಿಂದ ಕೂಲಿ ಸಿಟಿಯವರೆಗೆ 108 ಮೈಲಿ. ಈ 108 ಮೈಲಿಯನ್ನೇ ಹಿಡಿದು ಒಂದು ಲೆಕ್ಕ ಹಾಕೋಣ.

ಅಮೆರಿಕದಲ್ಲಿ ಹಳಿಯ ಸ್ಥಿತಿ ನೋಡಿ ವೇಗ ನಿಗದಿ ಮಾಡುತ್ತಾರೆ. ತೀರಾ ಕೆಳಗಿನ ದರ್ಜೆಯ ಹಳಿಯಲ್ಲಿ ಸರಕು ಗಾಡಿ ಗಂಟೆಗೆ 10 ಮೈಲಿ ಮೀರುವಂತಿಲ್ಲ. ಎರಡನೇ ದರ್ಜೆಯಾದರೆ 25 ಮೈಲಿ. ಇನ್ನೊಂದು ಕಾನೂನು, ಗಾಡಿ ಸಿಬ್ಬಂದಿ ಒಂದು ಪಾಳಿಯಲ್ಲಿ 12 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಈಗ ನೋಡಿ. 10 ಮೈಲಿ ವೇಗದಲ್ಲಿ 108 ಮೈಲಿಗೆ ಸುಮಾರು 11 ಗಂಟೆ. ನಡುವೆ ಉಗ್ರಾಣಗಳಲ್ಲಿ ನಿಂತು ಖಾಲಿ ವ್ಯಾಗನ್ ಬಿಡಬೇಕು, ತುಂಬಿದ್ದು ಎಳೆದುಕೊಳ್ಳಬೇಕು. ಪಾಳಿ ಮುಗಿದೇ ಹೋಯಿತು, ಗಾಡಿ ಇನ್ನೂ ದಾರಿಯಲ್ಲಿದೆ. ಇನ್ನೊಂದು ತಂಡವನ್ನು ಕಾರಿನಲ್ಲಿ ಕಳಿಸಬೇಕು. 25 ಮೈಲಿ ವೇಗದಲ್ಲಿ ಅದೇ ದೂರ ನಾಲ್ಕೂವರೆ ಗಂಟೆಗೂ ಕಡಿಮೆ. ಒಂದೇ ತಂಡ ಒಂದೇ ದಿನದಲ್ಲಿ ಕೆಲಸ ಮುಗಿಸುತ್ತದೆ. ಅದೇ ಇಂಜಿನ್, ಅದೇ ಜನ, ಅದೇ ಗೋಧಿ. ವ್ಯತ್ಯಾಸ ಇರುವುದು ಹಳಿಯ ಕೆಳಗಿನ ಮರದಲ್ಲಿ.

ಆ ಮರದ ಲೆಕ್ಕ ಹೀಗೆ. ಮೈಲಿಗೆ ಸುಮಾರು 3,000 ಸ್ಲೀಪರ್. ಮರದ ಸ್ಲೀಪರ್ 30 ವರ್ಷ ಬಾಳಿಕೆ ಬಂತು ಅಂದುಕೊಳ್ಳಿ. ಆಗ ವರ್ಷಕ್ಕೆ ಮೈಲಿಗೆ 100 ಸ್ಲೀಪರ್ ಬದಲಾಗಬೇಕು. ಶಾರ್ಟ್ ಲೈನ್‌ನವರ ಬಾಯಲ್ಲಿ ಒಂದು ರೂಢಿಯ ಮಾತಿದೆ. ವರ್ಷಕ್ಕೆ ಮೈಲಿಗೆ 100 ವ್ಯಾಗನ್ ಸರಕು ಇದ್ದರೆ ಮಾರ್ಗ ಹೇಗೋ ನಿಲ್ಲುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ವ್ಯಾಗನ್ ಗೋಧಿ ಹೋದಾಗಲೆಲ್ಲ ಒಂದು ಹೊಸ ಸ್ಲೀಪರ್ ಬೀಳಬೇಕು. 108 ಮೈಲಿಗೆ ವರ್ಷಕ್ಕೆ 10,800 ವ್ಯಾಗನ್, 10,800 ಸ್ಲೀಪರ್. ಸೇತುವೆ, ಚರಂಡಿ, ಡೀಸೆಲ್, ಸಂಬಳ ಎಲ್ಲ ಇದರ ಮೇಲೆ. ಇದು ಮೊದಲಿಂದ ಚೆನ್ನಾಗಿ ನೋಡಿಕೊಂಡ ಹಳಿಯ ಲೆಕ್ಕ. ಹಿಂದಿನ ಮಾಲೀಕ ಇಪ್ಪತ್ತು ವರ್ಷ ಕೈಕಟ್ಟಿ ಕೂತಿದ್ದರೆ ಆ ಇಪ್ಪತ್ತು ವರ್ಷದ ಬಾಕಿಯೂ ಹೊಸಬನ ತಲೆ ಮೇಲೆ. ಸೂರು ಸೋರುವ ಹಳೇ ಮನೆ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ.

ಇದಕ್ಕೆ ಸೇರಿಕೊಂಡದ್ದು ವ್ಯಾಗನ್‌ನ ತೂಕ. ತುಂಬಿದ ಧಾನ್ಯದ ವ್ಯಾಗನ್ ಮೊದಲು 2,63,000 ಪೌಂಡ್, ಅಂದರೆ ಸುಮಾರು 119 ಟನ್ ಇರುತ್ತಿತ್ತು. 1990ರ ದಶಕದಲ್ಲಿ ದೊಡ್ಡ ರೈಲ್ವೆಗಳು 2,86,000 ಪೌಂಡ್‌ಗೆ, ಸುಮಾರು 130 ಟನ್‌ಗೆ ಏರಿಸಿದವು. ಮುಖ್ಯ ಮಾರ್ಗದ ದಪ್ಪ ಹಳಿ ಅದನ್ನು ತಡೆದುಕೊಳ್ಳುತ್ತದೆ. ನೂರು ವರ್ಷದ ಹಿಂದೆ ಹಾಕಿದ ತೆಳು ಹಳಿ, ಮರದ ಕಂಬಗಳ ಸೇತುವೆ ಹೇಗೆ ತಡೆಯಬೇಕು? ಭಾರದ ವ್ಯಾಗನ್ ಬೇಡ ಅಂದರೆ ದೊಡ್ಡ ರೈಲ್ವೆಯ ಒಳ್ಳೆಯ ದರ ಸಿಗುವುದಿಲ್ಲ. ಬೇಕು ಅಂದರೆ ಸೇತುವೆ ಬಲಪಡಿಸಬೇಕು. ಚಿಕ್ಕ ಕಂಪನಿ ಎರಡರ ನಡುವೆ ಸಿಕ್ಕಿಕೊಂಡಿತು.

ಮತ್ತೆ ಪೈಪೋಟಿಗೆ ನದಿ ಇದೆ. ಕೊಲಂಬಿಯಾಕ್ಕೆ ಸೇರುವ ಸ್ನೇಕ್ ನದಿಯ ಕೆಳಭಾಗಕ್ಕೆ ಸರ್ಕಾರ ನಾಲ್ಕು ಅಣೆಕಟ್ಟು ಕಟ್ಟಿತು. ಕೊನೆಯದಾದ ಲೋವರ್ ಗ್ರಾನೈಟ್ 1975ರಲ್ಲಿ ಮುಗಿಯಿತು. ಹಡಗು ಮೇಲೇರಿಸುವ ಲಾಕ್‌ಗಳಿಂದಾಗಿ ಸಮುದ್ರದಿಂದ 465 ಮೈಲಿ ಒಳಗಿರುವ ಐಡಹೊದ ಲೂಯಿಸ್ಟನ್ ಬಂದರಾಯಿತು. ಒಂದು ಬಾರ್ಜ್, ಅಂದರೆ ಸರಕು ಹೊರುವ ಚಪ್ಪಟೆ ದೋಣಿ, 3,000 ಟನ್‌ಗಿಂತ ಜಾಸ್ತಿ ಗೋಧಿ ಹೊರುತ್ತದೆ. ರೈತ ಲಾರಿಯಲ್ಲಿ ನದಿಗೆ ಇಳಿಸಿದರೆ ಮುಗಿಯಿತು. ನನಗೆ ಈ ಪೈಪೋಟಿ ಬೇಡ ಅಂತಲ್ಲ, ರೈತನಿಗೆ ಅದು ಒಳ್ಳೆಯದೇ. ಆದರೆ ಲಾಕ್ ನಡೆಸುವ ಖರ್ಚು ಫೆಡರಲ್ ಸರ್ಕಾರದ್ದು. ಲಾರಿ ಓಡುವ ರಸ್ತೆ ಕೌಂಟಿಯದು, ರಾಜ್ಯದ್ದು. ತನ್ನ ದಾರಿಯನ್ನು ತಾನೇ ದುಡಿದು ರಿಪೇರಿ ಮಾಡಬೇಕಾದದ್ದು ರೈಲು ಮಾತ್ರ. ಹೀಗಿರುವಾಗ ಬ್ರಾಂಚ್ ಲೈನ್ ನಷ್ಟದಲ್ಲಿದೆ, ಮುಚ್ಚಿ ಅನ್ನುವುದು ನ್ಯಾಯವಾ?

ವಾಟ್ಕೊ ಕೈಯಲ್ಲೂ ಇದೇ ಆಯಿತು. ಓಡಿಸುವ ಖರ್ಚು ಇಳಿಯಿತು. ಹಳಿ ಸುಧಾರಿಸುವಷ್ಟು ಹಣ ಮಾತ್ರ ಹುಟ್ಟಲಿಲ್ಲ. ಮಾರ್ಗ ಕೈಬಿಟ್ಟು ಹೋಗುವ ಹಂತ ಬಂದಾಗ ವಾಷಿಂಗ್ಟನ್ ರಾಜ್ಯವೇ ಮುಂದೆ ಬಂದು 2004ರಿಂದ 2007ರೊಳಗೆ ಹಂತ ಹಂತವಾಗಿ ಹಳಿ ಮತ್ತು ಜಾಗ ಕೊಂಡುಕೊಂಡಿತು. ಒಟ್ಟು 297 ಮೈಲಿ. ಸೇರಿದ ಕೌಂಟಿಗಳ ಒಂದು ಪ್ರಾಧಿಕಾರ ಉಸ್ತುವಾರಿಗೆ ಕೈಜೋಡಿಸಿತು. ಓಡಿಸುವ ಕೆಲಸವನ್ನು ಮಾತ್ರ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು, ಮೂರು ಶಾಖೆಗೆ ಮೂರು ಕಂಪನಿ. ಆಮೇಲೆ ಕೆಲವು ಕಡೆ ಓಡಿಸುವವರು ಬದಲಾದರು. ಹಳಿ ಬದಲಾಗಲಿಲ್ಲ, ಅದು ಜನರದ್ದಾಗಿಯೇ ಉಳಿಯಿತು. ಒಂದು ಕಂಪನಿ ಸೋತು ಹೊರಟರೆ ಹಳಿಯೂ ಅದರ ಜೊತೆ ಗುಜರಿಗೆ ಹೋಗುವ ಭಯ ಇಲ್ಲಿ ಇಲ್ಲ. ನಾನು ಈ ಪಲೂಸ್ ಕಥೆಯನ್ನೇ ಆರಿಸಿಕೊಂಡದ್ದು ಇದಕ್ಕಾಗಿ. ಚಿಕ್ಕ ಕಂಪನಿಯ ಜಾಣತನ ಗಾಡಿಯನ್ನು ಅಗ್ಗವಾಗಿ ಓಡಿಸಬಲ್ಲದು. ನೂರು ವರ್ಷದ ಸೇತುವೆಯನ್ನು ಮತ್ತೆ ಕಟ್ಟಲು ಅದರಿಂದ ಆಗುವುದಿಲ್ಲ. ಆ ಕೆಲಸಕ್ಕೆ ಸಾರ್ವಜನಿಕ ಹಣವೇ ಬೇಕು, ಅದನ್ನು ನಾಚಿಕೆಯಿಲ್ಲದೆ ಕೇಳಬೇಕು.

ಅದೇ ರಾಜ್ಯದ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಸುಗ್ಗಿಯಲ್ಲಿ ದೊಡ್ಡ ರೈಲ್ವೆಗಳು ಚಿಕ್ಕ ಉಗ್ರಾಣಗಳಿಗೆ ವ್ಯಾಗನ್ ಕೊಡುವುದೇ ಕಷ್ಟ. ಇಡೀ ರೈಲು ತುಂಬುವವರ ಕಡೆಗೆ ಅವರ ಗಮನ. ಆಗ ರಾಜ್ಯ ತಾನೇ ವ್ಯಾಗನ್ ಕೊಂಡು 1994ರಲ್ಲಿ ಗ್ರೇನ್ ಟ್ರೈನ್ ಅಂತ ಶುರು ಮಾಡಿತು. ಮೊದಲ ಹಣ ಎಲ್ಲಿಂದ ಗೊತ್ತಾ? ತೈಲ ಕಂಪನಿಗಳು ಗ್ರಾಹಕರಿಂದ ಜಾಸ್ತಿ ವಸೂಲಿ ಮಾಡಿದ್ದಕ್ಕೆ ವಾಪಸ್ ಕಟ್ಟಿದ ಹಣದಿಂದ. ವ್ಯಾಗನ್ ಓಡಿದಾಗ ಬರುವ ಬಾಡಿಗೆಯಿಂದಲೇ ರಿಪೇರಿ, ಅದರಲ್ಲಿ ಉಳಿದದ್ದರಿಂದ ಇನ್ನಷ್ಟು ವ್ಯಾಗನ್.

ಫೆಡರಲ್ ಸರ್ಕಾರದಿಂದಲೂ ಒಂದು ಸಹಾಯ ಇದೆ. 2004ರ ಕಾನೂನಿನಲ್ಲಿ ಶಾರ್ಟ್ ಲೈನ್‌ಗಳು ಹಳಿಗೆ ಹಾಕಿದ ಹಣದ ಅರ್ಧದಷ್ಟು ತೆರಿಗೆ ರಿಯಾಯಿತಿ ಬಂತು, ಮೈಲಿಗೆ 3,500 ಡಾಲರ್ ಮಿತಿ. ಆದರೆ ಅದು ಮತ್ತೆ ಮತ್ತೆ ಅವಧಿ ಮುಗಿಯುತ್ತಿತ್ತು, ಮತ್ತೆ ಮತ್ತೆ ಸಂಸತ್ತಿನ ಮುಂದೆ ಕೈಚಾಚಬೇಕಿತ್ತು. ಮುಂದಿನ ವರ್ಷ ಹಣ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಯಾರು ಸ್ಲೀಪರ್ ಆರ್ಡರ್ ಮಾಡುತ್ತಾರೆ? 2020ರ ಡಿಸೆಂಬರ್‌ನಲ್ಲಿ ಅದನ್ನು ಶಾಶ್ವತ ಮಾಡಿದರು. ದರ ಮಾತ್ರ 2023ರಿಂದ ಶೇಕಡಾ 40ಕ್ಕೆ ಇಳಿಯಿತು.

ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. 2006ರಲ್ಲಿ ಕಾಲ್‌ಫ್ಯಾಕ್ಸ್ ಮತ್ತು ಪುಲ್ಮನ್ ನಡುವೆ ಒಂದು ಸೇತುವೆ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಆ ತುಂಡನ್ನು ಕಾಲುದಾರಿ ಮಾಡುವ ಮಾತು ನಡೆದಿದೆ. ಮಾಲೀಕ ಸರ್ಕಾರವಾದರೂ ಸಾಗಣೆ ಕಡಿಮೆಯಾದ ಕಡೆ ಒಂದು ಸೇತುವೆ ಬಿದ್ದರೆ ಮಾರ್ಗವೇ ಮುಗಿದಂತೆ.

ಇನ್ನೊಂದು ಬದಲಾವಣೆ ಒಳ್ಳೆಯದೂ ಹೌದು, ಚಿಂತೆಯದೂ ಹೌದು. 2013ರಲ್ಲಿ ಮೆಕಾಯ್ ಎಂಬಲ್ಲಿ ರೈತರ ಸಹಕಾರ ಸಂಘಗಳು ಸೇರಿ ದೊಡ್ಡ ಧಾನ್ಯ ಟರ್ಮಿನಲ್ ಕಟ್ಟಿದವು. ಒಂದೇ ಸಲಕ್ಕೆ 110 ವ್ಯಾಗನ್‌ನ ರೈಲು ತುಂಬಬಹುದು. ಅಂಥ ರೈಲಿಗೆ ದೊಡ್ಡ ರೈಲ್ವೆ ಒಳ್ಳೆಯ ದರ ಕೊಡುತ್ತದೆ, ನದಿಗೆ ಹೋಗುತ್ತಿದ್ದ ಗೋಧಿ ಹಳಿಗೆ ಬರುತ್ತದೆ. ರೈತರೇ ಹಣ ಹಾಕಿ ಹಳಿಯನ್ನು ನಂಬಿದರಲ್ಲ, ಅದು ದೊಡ್ಡ ಮಾತು. ಆದರೆ ಸುತ್ತಲಿನ ಊರುಗಳ ಗೋಧಿ ಲಾರಿಯಲ್ಲಿ ಅಲ್ಲಿಗೇ ಬಂದರೆ, ಟರ್ಮಿನಲ್‌ನ ಆಚೆಗಿನ ಹಳಿಗೆ ಉಳಿಯುವುದು ಏನು? ಶಾಖೆಯ ಬುಡ ದಪ್ಪವಾಗಿ ತುದಿ ಒಣಗುವ ಅಪಾಯ ಇದೆ. ತುದಿಯ ಊರಿನ ಉಗ್ರಾಣದವರ ಜೊತೆ ಮಾತಾಡದೆ ಇಂಥ ಯೋಜನೆ ಮಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದಾಗಿ ಸ್ನೇಕ್ ನದಿಯ ಆ ನಾಲ್ಕು ಅಣೆಕಟ್ಟುಗಳ ಮಾತು. ಸಾಲ್ಮನ್ ಮೀನು ಉಳಿಯಬೇಕಾದರೆ ಅವುಗಳನ್ನು ಒಡೆಯಬೇಕು ಅಂತ ಮೂಲನಿವಾಸಿ ಸಮುದಾಯಗಳು, ಪರಿಸರ ಸಂಘಟನೆಗಳು ದಶಕಗಳಿಂದ ಕೇಳುತ್ತಿವೆ. 2023ರ ಡಿಸೆಂಬರ್‌ನಲ್ಲಿ ಫೆಡರಲ್ ಸರ್ಕಾರ ಆ ದಿಕ್ಕಿನಲ್ಲಿ ಅಧ್ಯಯನಕ್ಕೆ ಒಪ್ಪಂದ ಮಾಡಿಕೊಂಡಿತು. 2025ರ ಜೂನ್‌ನಲ್ಲಿ ಹೊಸ ಸರ್ಕಾರ ಅದರಿಂದ ಹಿಂದೆ ಸರಿಯಿತು. ವಾದ ಮುಗಿದಿಲ್ಲ, ಮತ್ತೆ ಬರುತ್ತದೆ. ಅಣೆಕಟ್ಟು ಹೋದರೆ ಬಾರ್ಜ್ ಹೋಗುತ್ತದೆ, ಆ ಗೋಧಿಯೆಲ್ಲ ಈ 297 ಮೈಲಿಯ ಹಳಿಯ ಕಡೆಗೆ ನೋಡುತ್ತದೆ. ಅಣೆಕಟ್ಟಿನ ಪರ ಇರುವವರಿಗೂ ವಿರೋಧ ಇರುವವರಿಗೂ ಪ್ರಶ್ನೆ ಒಂದೇ, ಆ ಭಾರ ಹೊರಲು ಹಳಿ ಸಿದ್ಧವಿದೆಯಾ? ಅಂಥ ದಿನ ಬಂದ ಮೇಲೆ ಸ್ಲೀಪರ್ ಹಾಕಲು ಶುರು ಮಾಡಿದರೆ ಮೊದಲ ಸುಗ್ಗಿಯ ಗೋಧಿ ರಸ್ತೆಯಲ್ಲೇ ನಿಲ್ಲುತ್ತದೆ. ಸೇತುವೆ ಬಲಪಡಿಸುವುದು, 25 ಮೈಲಿ ವೇಗಕ್ಕೆ ಹಳಿ ತರುವುದು, 130 ಟನ್ ವ್ಯಾಗನ್ ತಡೆಯುವಂತೆ ಮಾಡುವುದು, ಈ ಮೂರನ್ನೂ ಇವತ್ತೇ ಶುರು ಮಾಡಿದರೂ ಮುಗಿಯಲು ವರ್ಷಗಳೇ ಬೇಕು.